ಮೇವಿನ ಬಂಕರಿನಲ್ಲಿ ಪಾಲು ಕೇಳಿದವಳು

ದೇವರ ಬಗ್ಗೆ ನನಗೆ ತಕರಾರಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಊರಿನಲ್ಲಿ ಅಮ್ಮ ಹೊಸ ಅಕ್ಕಿಯನ್ನು ದೇವಿಯ ಗುಡಿಗೆ ಕೊಡದೆ ಒಲೆಯ ಮೇಲಿಡುತ್ತಿರಲಿಲ್ಲ. ಅದು ಹಳೇ ಕಾಲದ ತೆರಿಗೆ ಎಂದು ನಾನು ಕೀಟಲೆ ಮಾಡುತ್ತಿದ್ದೆ. ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಅರಬ್ ಮರುಭೂಮಿಯ ಅಲ್ ಖರ್ಜ್ ಎಂಬ ಊರಿನ ಒಂದು ಡೈರಿಯಲ್ಲಿ ಮೇವಿನ ಉಸ್ತುವಾರಿ ನನ್ನದಾಗಿತ್ತು. ಕತ್ತರಿಸಿದ ಹಸಿ ಜೋಳವನ್ನು ಕಾಂಕ್ರೀಟ್ ಗೋಡೆಗಳ ನಡುವೆ ಮನೆಯೆತ್ತರಕ್ಕೆ ಒತ್ತಿ ತುಂಬಿ, ಪ್ಲಾಸ್ಟಿಕ್ ಹೊದಿಸಿ, ತಿಂಗಳುಗಳ ನಂತರ ತೆರೆಯುತ್ತಾರೆ. ಅದಕ್ಕೆ ಬಂಕರ್ ಎಂದು ಹೆಸರು. ನಮ್ಮ ಪಶುವೈದ್ಯ ಯೂಸುಫ್ ತುರ್ಕಿಯವನು. ಅವನ ಊರಿನ ಹತ್ತಿರ ಹಿಟೈಟರೆಂಬ ಪುರಾತನ ಜನರ ಪಾಳು ಪಟ್ಟಣವಿದೆಯಂತೆ. ಅವರಲ್ಲಿ ಊರೂರಿಗೂ ಒಬ್ಬ ದೇವಿ. ಸುಗ್ಗಿಯ ಕಾಳನ್ನು ಗುಡಾಣದಲ್ಲಿ ತುಂಬಿ ಮುಚ್ಚಿಟ್ಟು, ವಸಂತದಲ್ಲಿ ತೆರೆದು, ಮೊದಲ ರೊಟ್ಟಿಯನ್ನು ದೇವಿಗೆ ಕೊಡಬೇಕು. ಉಗ್ರಾಣ, ಕುರಿಮಂದೆ ಎಲ್ಲವೂ ಅವಳದೇ.

ಹೊಸ ಬಂಕರ್ ತೆರೆದ ಮಧ್ಯಾಹ್ನ ಅದರೆದುರು ನಿಂತುಕೊಂಡೇ ಅವನು ಇದನ್ನು ಹೇಳಿದ. “ಹಾಗಾದರೆ ಅವಳೂ ನನ್ನ ಹಾಗೆ ಗೋಡೌನ್ ಮ್ಯಾನೇಜರ್” ಎಂದೆ. ಇಬ್ಬರೂ ನಕ್ಕೆವು.

ಆಗ ಬೆನ್ನ ಹಿಂದೆ ಒಂದು ಹೆಣ್ಣುದನಿ ನನ್ನ ಮನೆಮಾತಾದ ತುಳುವಿನಲ್ಲಿ ಕೇಳಿತು: “ಎನ್ನ ಪಾಲ್ ಓಲುಂಡು?” ನನ್ನ ಪಾಲು ಎಲ್ಲಿ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಚಿಲ್ಲರೆ ಕೇಳಿದ ಹಾಗಿತ್ತು. ಆ ಫಾರ್ಮಿನಲ್ಲಿ ಹೆಂಗಸರು ಕೆಲಸಕ್ಕಿರಲಿಲ್ಲ. ನಾನು ತಿರುಗಿ ದನಿ ಬಂದ ಕಡೆಗೆ ನಡೆದೆ, ಯೂಸುಫನೂ ಬಂದ. ಯಾರೂ ಇರಲಿಲ್ಲ. ಅಷ್ಟರಲ್ಲಿ ಹಿಂದೆ ಮೇವಿನ ಗೋಡೆ ಇಡಿಯಾಗಿ ಕುಸಿಯಿತು. ನಾವು ನಿಂತಿದ್ದ ಜಾಗದಲ್ಲಿ ಆಳೆತ್ತರದ ರಾಶಿ ಬಿದ್ದಿತ್ತು.

ಲೋಡರ್ ಓಡಿಸುತ್ತಿದ್ದ ಕುಂದಾಪುರದ ದಿನೇಶ ಇಳಿದು ಓಡಿ ಬಂದ. ದನಿ ಕೇಳಿತಾ ಎಂದರೆ, “ಎಂತ ದನಿ ಸರ್? ಇಂಜಿನ್ ಸೌಂಡಲ್ಲಿ ನಂಗೆ ಎಂತದೂ ಕೇಳ್ಲಿಲ್ಲ ಮಾರಾಯ್ರೆ” ಎಂದ. ಯೂಸುಫ್ ನೆಲದ ಮೇಲೆ ಕುಳಿತುಬಿಟ್ಟಿದ್ದ. ನಾನು ಕೇಳುವ ಮೊದಲೇ ಹೇಳಿದ: ಅವನ ಅಜ್ಜಿಯ ಹಳ್ಳಿಯ ಮಾತಿನಲ್ಲಿ ಯಾರೋ ಹೆಂಗಸು ‘ನನ್ನ ರೊಟ್ಟಿ ಎಲ್ಲಿ’ ಎಂದಳಂತೆ.

ಮೇವಿನ ರಾಶಿಯನ್ನು ತೀರಾ ಕಡಿದಾಗಿ ಕತ್ತರಿಸಿದ್ದರಿಂದ ಗೋಡೆ ಕುಸಿಯಿತು ಎಂದು ಸುರಕ್ಷತೆಯವರು ತೀರ್ಮಾನಿಸಿದರು. ಅದನ್ನು ನಾನೂ ಒಪ್ಪುತ್ತೇನೆ. ಬಿಸಿಲಿನ ಜಳಕ್ಕೆ, ಆಡುತ್ತಿದ್ದ ಮಾತಿನ ಗುಂಗಿಗೆ ಒಬ್ಬನ ಕಿವಿ ಮೋಸ ಮಾಡಬಹುದು. ಇಬ್ಬರದೂ ಒಂದೇ ಕ್ಷಣದಲ್ಲಿ ಮಾಡೀತೇ, ಗೊತ್ತಿಲ್ಲ.

ದೇವಿ ಕಾಪಾಡಿದಳು ಎಂದು ದಿನೇಶ ಇವತ್ತಿಗೂ ಹೇಳುತ್ತಾನೆ. ನನಗೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಅವಳು ನಮ್ಮನ್ನು ಅಲ್ಲಿಂದ ಸರಿಸಲೆಂದೇ ಪಾಲು ಕೇಳಿದಳೋ, ಇಲ್ಲಾ ಕೇಳಿದ ಪಾಲು ಸಿಗದ್ದಕ್ಕೇ ಗೋಡೆ ಕೆಡವಿದಳೋ?