ಶಿವಕಾಂತಮ್ಮ ಎಣಿಸಿದ ಕಡಲಹಕ್ಕಿಗಳು

ಮುರುಮ ಎಂಬ ಊರಿನ ಶಿವಕಾಂತಮ್ಮ ಜೋಳದ ಹೊಲದ ಅಟ್ಟಣಿಗೆಯ ಮೇಲೆ ಕೂತು ಹಕ್ಕಿ ಕಾಯುತ್ತ ನಲವತ್ತು ವರ್ಷ ಕಳೆದವಳು. ಹೋದ ವರ್ಷ ಕಣ್ಣಿಗೆ ಪೊರೆ ಬಂದಿತ್ತು. ಗುಬ್ಬಿ ಹಿಂಡೆಂದು ಆಕೆ ಕವಣೆ ಬೀಸಿದಳು ನೋಡಿ, ಕಲ್ಲು ಹೋಗಿ ಪಕ್ಕದ ಹೊಲದ ಪಂಡಿತನ ರುಮಾಲು ಹಾರಿಸಿತು. ಪುಣ್ಯಕ್ಕೆ ತಲೆ ಉಳಿಯಿತು!

ಪೊರೆ ತೆಗೆಸಿ ಕಣ್ಣು ನಿಚ್ಚಳವಾದರೂ ಮಗ ಭೀಮಾಶಂಕರ ನಂಬಲಿಲ್ಲ. ಈ ಸಲ ಹಕ್ಕಿ ಕಾಯಲು ಬಾಲಾಜಿ ಎಂಬ ಆಳನ್ನು ಗೊತ್ತುಮಾಡಿದ. ಆಳುಗಳೇನೋ ಸಿಕ್ಕಾರು, ಆಕೆಯಂತೆ ಹಿಂಡು ನೋಡಿದ ಕೂಡಲೇ ಎಷ್ಟು ಹಕ್ಕಿಯೆಂದು ಅಂದಾಜು ಹೇಳುವವರು ಸಿಗಬೇಡವೇ? ಹೊಲ ತಪ್ಪಿತೆಂದು ಮುದುಕಿಗೆ ಅನ್ನವೇ ಸೇರದಾಯಿತು.

ಸುಗ್ಗಿಗೆ ಮೊದಲು ಮಗ, ಸೊಸೆ ಮೀನಲ ಆಕೆಗೆ ಗೋಕರ್ಣದ ದರ್ಶನ ಮಾಡಿಸಿ, ಬರುವ ದಾರಿಯಲ್ಲಿ ಕಡಲಂಚಿನ ಒಂದು ಪಕ್ಷಿಧಾಮಕ್ಕೆ ಕರೆತಂದರು. ಅಲ್ಲಿ ಬ್ರಿಟಿಷರು ಕಟ್ಟಿಸಿದ ಹಳೆಯ ದೀಪಸ್ತಂಭವಿತ್ತು. ಮೆಟ್ಟಿಲು ನೂರರ ಮೇಲೆ.

"ಯವ್ವಾ, ನೀ ಕೆಳಗ ಕೂಡು. ಮ್ಯಾಲ ಬಂದು ಏನ್ ನೋಡ್ತಿ?" ಎಂದ ಮಗ.

"ನೀ ನಡಿ ಮುಂದ. ನಾ ಬರ್ತೀನಿ."

ನಾಲ್ಕು ಕಡೆ ಕೂತು ಏದುಸಿರು ಬಿಟ್ಟರೂ ಏರಿಯೇ ಬಿಟ್ಟಳು. ಮೇಲೆ ಅರಣ್ಯ ಇಲಾಖೆಯ ಕಾವಲುಗಾರ ದುರ್ಬೀನು ಹಿಡಿದು ಎದುರಿನ ಬಂಡೆಯ ಮೇಲಿದ್ದ ಬಿಳಿ ಹಕ್ಕಿಗಳನ್ನು ಎಣಿಸುತ್ತಿದ್ದ. "ನೂರೈವತ್ತು" ಎಂದು ಬರೆದುಕೊಂಡ.

ಶಿವಕಾಂತಮ್ಮ ಹುಬ್ಬಿಗೆ ಕೈಯಿಟ್ಟು, ಇಪ್ಪತ್ತಿಪ್ಪತ್ತರ ಗುಂಪು ಮಾಡಿ ತುಟಿ ಆಡಿಸಿದಳು.

"ತಪ್ಪ್ಯಾದ ಸಾಹೇಬ್ರ. ಇನ್ನೂರಾ ಹತ್ತರ ಮ್ಯಾಲ ಅವ. ಬಂಡೆ ನೆಳ್ಳಾಗ ಕುಂತಾವಲ್ಲ, ಅವನ್ನ ಬಿಟ್ಟೀರಿ."

ಭೀಮಾಶಂಕರನಿಗೆ ನಾಚಿಕೆಯಾಯಿತು. "ಆಕಿಗಿ ಕಣ್ಣು ಸರಿ ಕಾಣಲ್ರೀ. ಮನಸಿಗಿ ಹಚ್ಕೋಬ್ಯಾಡ್ರಿ."

ಕಾವಲುಗಾರ ನಕ್ಕ. ಆದರೂ ಕ್ಯಾಮರಾದಲ್ಲಿ ಬಂಡೆಯ ಫೋಟೊ ತೆಗೆದು, ದೊಡ್ಡದು ಮಾಡಿ, ನೆರಳಿನ ಹಕ್ಕಿಗಳನ್ನೂ ಸೇರಿಸಿ ಒಂದೊಂದೇ ಎಣಿಸಿದ. ಇನ್ನೂರ ಹದಿನಾಲ್ಕು! ನಗು ನಿಂತಿತು. ಬರೆದದ್ದನ್ನು ಹೊಡೆದುಹಾಕಿ ದುರ್ಬೀನು ಆಕೆಯ ಮುಂದೆ ಹಿಡಿದ.

"ಅಜ್ಜಿ, ಆಚೆ ಬಂಡೆಯದ್ದೂ ನೀವೇ ಹೇಳಿ."

"ಅದನ್ನ ನೀವೇ ಇಟ್ಕೋರಿ, ನನಗ್ಯಾಕ?" ಎಂದು ದುರ್ಬೀನು ಪಕ್ಕಕ್ಕೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಚೆಯ ಬಂಡೆಗೆ ಕಣ್ಣು ನೆಟ್ಟಳು. ಹಿಗ್ಗು ಮುಖದಲ್ಲಿ ಹಿಡಿಸುತ್ತಿರಲಿಲ್ಲ. ನೋಡಲು ಬಂದ ಜನವೆಲ್ಲ ಆಕೆಯ ಸುತ್ತ ನೆರೆದರು. ಮೀನಲ ಜೋರಾಗಿ ಚಪ್ಪಾಳೆ ತಟ್ಟಿದಳು.

ಭೀಮಾಶಂಕರ ತಲೆ ಕೆರೆದುಕೊಂಡ. ಆಮೇಲೆ ಫೋನು ತೆಗೆದು, ಅವ್ವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಮಾತಾಡಿದ.

"ಬಾಲಾಜಿ, ಹೊಲ ಕಾಯಾಕ ನೀ ಬರೋದು ಬ್ಯಾಡಪಾ. ನಮ್ಮವ್ವ ಅದಾಳ."