ಟೇಪ್ ಹಚ್ಚಿದ ಕಿಟಕಿಯ ಒಳಗೆ

ಆಗೆಲ್ಲ ನಮ್ಮ ಮನೆಯಲ್ಲಿ ಗಾಳಿ ಎಂದರೆ ಹೊರಗಿನಿಂದ ಬರುವ ಕೇಡು. ಭೂಕಂಪವಾದ ಮರುವರ್ಷ, ನನಗೆ ಒಂಬತ್ತು. ಅಪ್ಪ ಜಪಾನಿನ ತ್ಸುಕುಬಾದ ಸಂಶೋಧನಾಲಯವೊಂದರಲ್ಲಿ ಕೆಲಸಕ್ಕಿದ್ದರು. ಅಣುಸ್ಥಾವರ ಸಿಡಿದ ಫುಕುಶಿಮಾದ ಕಡೆಯಿಂದ ಗಾಳಿ ಬೀಸಿದರೆ ಅಮ್ಮನಿಗೆ ನಿದ್ದೆಯಿಲ್ಲ. ಅದರ ಜೊತೆಗೆ ಹೆದ್ದಾರಿಯ ಲಾರಿಗಳ ಹೊಗೆ, ವಸಂತದಲ್ಲಿ ಚೀನಾದ ಕಡೆಯ ಹಳದಿ ಧೂಳು. ಸೈಕಲ್ ಸೀಟಿನ ಮೇಲೆ ಬೆರಳೆಳೆದರೆ ಗೀಟು ಮೂಡುತ್ತಿತ್ತು. ತಂಗಿ ಅನು ಹುಟ್ಟಿದ ಮೇಲಂತೂ ಅಮ್ಮ ಕಿಟಕಿ ಸಂದಿಗಳಿಗೆಲ್ಲ ನೀಲಿ ಟೇಪ್ ಅಂಟಿಸಿಬಿಟ್ಟಳು. ಗೋಡೆಯ ಗಾಳಿಕಿಂಡಿಯನ್ನೂ ಬಿಡಲಿಲ್ಲ. ಅಡುಗೆಮನೆಯ ಫ್ಯಾನ್ ಹಾಕಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆಂದು ಅದೂ ಬಂದ್. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಯ ಘಾಟು ಸಂಜೆಯವರೆಗೂ ಪರದೆಯಲ್ಲಿ ಕೂತಿರುತ್ತಿತ್ತು. ಗೆಳತಿಯರು ಪಾರ್ಕಿನಲ್ಲಿ ಹಗ್ಗದಾಟ ಆಡುವುದನ್ನು ಗಾಜಿನೊಳಗಿಂದ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಅನುವಿಗೆ ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡುವುದು ಅಮ್ಮನ ತವರಿನ ಪದ್ಧತಿ. ಸಾಂಬ್ರಾಣಿ ಮೈಸೂರಿನ ಅಜ್ಜಿ ಕಳಿಸಿದ್ದು. ಕೆಂಡಕ್ಕೆ ಮಾತ್ರ ಇಲ್ಲಿಯವರು ಮೀನು ಸುಡುವ ಇದ್ದಿಲು. ಮೊದಲ ದಿನವೇ ಚಾವಣಿಯ ಅಲಾರಂ ಬೆಂಕಿ ಬೆಂಕಿ ಎಂದು ಜಪಾನಿಯಲ್ಲಿ ಕೂಗಿಕೊಂಡಿತು. ಅಪ್ಪ ಕುರ್ಚಿ ಹತ್ತಿ ಅದಕ್ಕೆ ಅಮ್ಮನ ಸ್ನಾನದ ಟೋಪಿ ತೊಡಿಸಿದರು. ನಾವು ನಕ್ಕಿದ್ದೇ ನಕ್ಕಿದ್ದು. ಆ ಹೊಗೆಯಲ್ಲಿ ಕೂದಲು ಆರುತ್ತಿದ್ದಂತೆ ಅನು ನಿದ್ದೆ ಹೋಗುತ್ತಿದ್ದಳು. ಅಮ್ಮನ ತೊಡೆಗೆ ಒರಗಿ ಕೂತ ನನಗೆ ದಿನವೂ ಹಬ್ಬ.

ಆಮೇಲೆ ಅನುವಿಗೆ ಕೆಮ್ಮು ಶುರುವಾಯಿತು. ಉಸಿರೆಳೆದರೆ ಎದೆಯಲ್ಲಿ ಸಿಳ್ಳೆ, ಪಕ್ಕೆಲುಬುಗಳ ನಡುವೆ ಗುಳಿ. ಹೊರಗಿನ ಗಾಳಿ ಎಲ್ಲೋ ನುಸುಳುತ್ತಿದೆ ಎಂದುಕೊಂಡು ಅಮ್ಮ ಇನ್ನೊಂದು ಸುತ್ತು ಟೇಪ್ ಅಂಟಿಸಿದಳು. ಮನೆಯ ಗಾಳಿ ಶುದ್ಧವಾಗಲಿ ಎಂದು ಸಂಜೆಯೂ ಸಾಂಬ್ರಾಣಿ ಹಾಕತೊಡಗಿದಳು. ಒಂದು ಬೆಳಿಗ್ಗೆ ಮಗುವಿನ ತುಟಿ ನೀಲಿಗಟ್ಟಿತು. ಅಪ್ಪ ಕೆಲಸದ ಮೇಲೆ ಒಸಾಕಾಕ್ಕೆ ಹೋಗಿದ್ದರು. ಪಕ್ಕದ ಮನೆಯ ಮೋರಿ-ಸಾನ್ ತಮ್ಮ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು.

ಅಮ್ಮನ ಜಪಾನಿ ಕ್ಷಮಿಸಿ ಎನ್ನುವ ಸುಮಿಮಾಸೆನ್, ಧನ್ಯವಾದದ ಅರಿಗಾತೋಗಳಿಗೆ ಮುಗಿಯುತ್ತಿತ್ತು. ವೈದ್ಯೆ ಹೇಳಿದ್ದನ್ನೆಲ್ಲ ನಾನೇ ಕನ್ನಡದಲ್ಲಿ ಹೇಳಬೇಕು. ಆಕೆ ಮಗುವಿಗೆ ಮಾಸ್ಕ್ ಇಟ್ಟು ಔಷಧದ ಹಬೆ ಕೊಡುತ್ತಲೇ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರು ಅನುವಿನ ಹೊದಿಕೆ ಎತ್ತಿ ಮೂಸಿದರು. ಆಗ ನಾನು ಟೇಪು, ಫ್ಯಾನು, ಇದ್ದಿಲು, ಅಲಾರಮ್ಮಿನ ಟೋಪಿ ಎಲ್ಲ ಹೇಳಿಬಿಟ್ಟೆ. ಆಕೆ ಬೈಯಲಿಲ್ಲ. ಮುಚ್ಚಿದ ಮನೆಯ ಹೊಗೆಯೇ ಮಗುವಿನ ಉಸಿರು ಕಟ್ಟಿಸುತ್ತಿದೆ, ಇದ್ದಿಲಿನ ವಿಷಗಾಳಿಯಲ್ಲಿ ನೀವೆಲ್ಲ ಉಳಿದದ್ದೇ ಹೆಚ್ಚು, ಇವತ್ತೇ ಕಿಟಕಿ ತೆಗೆಯಿರಿ ಎಂದು ನನಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದರು.

"ಏನಂತೆ ಪುಟ್ಟಿ? ಹೊರಗಿನ ಗಾಳೀನೇ ತಾನೆ?" ಅಮ್ಮ ಕೇಳಿದಳು.

"ಅಲ್ಲಮ್ಮ. ನಮ್ಮನೆ ಹೊಗೇನೇ ಅಂತೆ. ಸಾಂಬ್ರಾಣಿದು."

ಅಮ್ಮ ಮಗುವಿನ ಪಾದ ಹಿಡಿದುಕೊಂಡೇ ಇದ್ದಳು. "ಅಂದ್ರೆ, ನಾನಾ?" ಎಂದಳು. ವೈದ್ಯೆ ನನ್ನ ಮುಖ ನೋಡಿದರು. ಅಷ್ಟನ್ನು ಜಪಾನಿಯಲ್ಲಿ ಹೇಳಲು ನನ್ನಿಂದಾಗಲಿಲ್ಲ.

ಅನು ಉಳಿದಳು. ಮನೆಗೆ ಬಂದ ದಿನ ಅಮ್ಮ ಟೇಪನ್ನೆಲ್ಲ ಉಗುರಿನಿಂದ ಕಿತ್ತಳು. ಅಂಟಿನ ಕಲೆ ನಾವು ಆ ಮನೆ ಬಿಡುವವರೆಗೂ ಹೋಗಲಿಲ್ಲ. ಈಗ ಅನು ಶಾಲೆಯ ಓಟದ ತಂಡದಲ್ಲಿದ್ದಾಳೆ, ಚೀಲದಲ್ಲಿ ಇನ್ಹೇಲರ್ ಇಟ್ಟುಕೊಂಡೇ. ಅಮ್ಮ ದೇವರ ಮುಂದೆ ಒಂದು ಊದುಬತ್ತಿಯನ್ನೂ ಹಚ್ಚುವುದಿಲ್ಲ.

ಹೋದ ನವರಾತ್ರಿಗೆ ಪರಿಚಯದ ಕನ್ನಡಿಗರ ಮನೆಗೆ ಹೋಗಿದ್ದೆವು. ಬಾಗಿಲಲ್ಲೇ ಸಾಂಬ್ರಾಣಿಯ ವಾಸನೆ. ಅಮ್ಮನ ತೊಡೆ, ಅನುವಿನ ಒದ್ದೆ ಕೂದಲು ನೆನಪಾಗಿ ನನಗೆ ಅಳುವೇ ಬಂತು. ತಾನು ಮಲಗುತ್ತಿದ್ದ ಹೊಗೆ ಅನುವಿಗೆ ಗೊತ್ತೇ ಇಲ್ಲ. ಇದೇನು ವಾಸನೆ, ಚೆನ್ನಾಗಿದೆ ಎಂದು ಜಪಾನಿಯಲ್ಲಿ ಕೇಳಿದಳು. ಅಮ್ಮ ಆ ಮನೆಯವರನ್ನು ಒಂದು ಮಾತೂ ಕೇಳದೆ ಒಳಗೆ ಹೋಗಿ, ಅವರ ಕಿಟಕಿಗಳನ್ನು ಒಂದೊಂದಾಗಿ ತೆರೆದಳು.