ಒಬ್ಬಾಕಿ ಹೆಣ್ಮಗಳ ಗಾಡಿ

ಬೆಳಗ್ಗೆ ಆರೂವರೆಗೆ ಗೋಡೆಯಾಚೆ ಸೆಲ್ಫ್ ಹೊಡೆಯುವ ಸಪ್ಪಳ ಶುರುವಾಗುತ್ತದೆ. ಮೊದಲು ಒಣಕೆಮ್ಮಿನಂತೆ ಎರಡು ಸಲ, ಆಮೇಲೆ ಗಂಟಲು ಬಿಟ್ಟು ಗುರ್ ಎನ್ನುವುದು. ಒಂದು ಆರಿದ ಮೇಲೆ ಇನ್ನೊಂದು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ, ತಗಡಿನ ನೆರಳಿನಡಿ ಹಳೆಯ ಕಾರುಗಳು ಸಾಲಾಗಿ ನಿಂತಿವೆ. ಅವುಗಳ ಬ್ಯಾಟರಿ ಸಾಯಬಾರದೆಂದು ವಿಶ್ವರಾಧ್ಯ ದಿನಾ ಮುಂಜಾನೆ ಒಂದೊಂದನ್ನೇ ಎಬ್ಬಿಸುತ್ತಾನೆ. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಅವನ ತಂಗಿ ಕಸ್ತೂರಿ ತಲೆ ಎತ್ತದೆಯೇ ಯಾವ ಗಾಡಿ ಎಂದು ಹೇಳಬಲ್ಲಳು. ಕೊನೆಗೆ ಏಳುವುದು ಬಿಳಿ ಮಾರುತಿ. ಅದು ಕೆಮ್ಮುವುದಿಲ್ಲ. ಅದು ಅವಳ ಹೆಸರಿನಲ್ಲಿದೆ.

ಕಸ್ತೂರಿಗೆ ಕಾರು ನಡೆಸಲು ಬರುವುದಿಲ್ಲ. ಆದರೆ ಕಳೆದ ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಕಾರುಗಳ ಮಾಲಕಿಯಾಗಿದ್ದಾಳೆ ಎಂಬುದು ಅವಳಿಗೇ ನೆನಪಿಲ್ಲ.

ಅವಳು ಹುಟ್ಟಿದ್ದು ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ, ನೇಕಾರರ ಮನೆಯಲ್ಲಿ. ಒಂದೇ ಕೋಣೆ, ನಡುವೆ ಕುಣಿ ತೋಡಿ ಕೂರಿಸಿದ ಮಗ್ಗ. ತಾಯಿ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಸೊಂಟದ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಗಂಡ ಅಲ್ಲೇ ಇನ್ನೊಂದು ಮನೆ ಮಾಡಿದ. ಅಣ್ಣ ಸುದ್ದಿ ತಿಳಿದ ದಿನವೇ ಗಾಡಿ ತೆಗೆದುಕೊಂಡು ಹೋಗಿ, ಬಾಗಿಲಲ್ಲಿ ನಿಂತು, ಅವಳ ಟ್ರಂಕನ್ನು ಹಿಂದಿನ ಸೀಟಿಗೆ ಹಾಕಿದ. ಆ ಉಪಕಾರವನ್ನು ಅವನು ಇವತ್ತಿನವರೆಗೂ ಬಾಯಿಬಿಟ್ಟು ಆಡಿಲ್ಲ. ಆಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಹೆಣ್ಣುಮಗಳು ಬಳಸಿದ ಗಾಡಿ ಎಂದರೆ ಗಿರಾಕಿ ಮೂತಿ ತಿರುಗಿಸುವುದಿಲ್ಲ ಎಂಬುದನ್ನು ವಿಶ್ವರಾಧ್ಯ ಕಂಡುಕೊಂಡದ್ದು ಆ ವರ್ಷವೇ. ಹೆಂಗಸರು ಜೋರಾಗಿ ಓಡಿಸುವುದಿಲ್ಲ, ಗಾಡಿಯಲ್ಲಿ ಕುಡಿಯುವುದಿಲ್ಲ, ಜೋಳದ ಚೀಲ ಹೇರುವುದಿಲ್ಲ. ಹಾಗಾಗಿ ಬಿಳಿ ಮಾರುತಿಯನ್ನು ಕಲಬುರಗಿಯಲ್ಲಿ ತಂಗಿಯ ಹೆಸರಿನಲ್ಲೇ ಹೊಸದಾಗಿ ಕೊಂಡ. ಆಗ ದೊಡ್ಡ ಶಹರಗಳಲ್ಲಿ ಆ ಗಾಡಿಯ ಮಾರಾಟ ನಿಂತಿತ್ತು. ಇಂಥ ಊರುಗಳಿಗೆ ಮಾತ್ರ ಇನ್ನೂ ಬರುತ್ತಿತ್ತು. ಆಮೇಲೆ ಕೊಂಡ ಹಳೆಯ ಗಾಡಿಗಳಲ್ಲಿ ಚೆನ್ನಾಗಿದ್ದವನ್ನು, ಒಂದು ಮಾರಿದ ಮೇಲೆ ಇನ್ನೊಂದರಂತೆ, ಅವಳ ಹೆಸರಿಗೆ ಮಾಡಿಸಿದ; ಉಳಿದವು ಹಳೆಯ ಮಾಲಕರ ಹೆಸರಿನಲ್ಲೇ ನಿಂತವು. ಸೆರಗು ಹೊದ್ದು, ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು ಕುಳಿತ ಅವಳ ಫೋಟೋ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸುತ್ತಿದ್ದ. ಕೆಳಗೆ ಯಾವಾಗಲೂ ಅದೇ ಸಾಲು: ಒಬ್ಬಾಕಿ ಹೆಣ್ಮಗಳ ಗಾಡಿ.

ಆ ಫೋಟೋಗಳಲ್ಲಿ ಕಾರಿನ ಬಣ್ಣ ಬದಲಾಗುತ್ತದೆ. ಅವಳ ಮುಖ ಮಾತ್ರ ಅದೇ, ಎದುರಿನ ಗೋಡೆಯನ್ನು ನೋಡುತ್ತಿರುತ್ತದೆ.

ಮಾರುವಾಗ ಖಾಲಿ ಫಾರಂ ಮೇಲೆ ಅವಳ ಸಹಿ. ಕೊಂಡವನ ಹೆಸರು ತುಂಬದೆ ಹಾಗೆಯೇ ಕೊಟ್ಟುಬಿಡುವುದು ಇಲ್ಲಿನ ರೂಢಿ. ಓಪನ್ ಕಾಗದ ಎನ್ನುತ್ತಾರೆ. ಕೊಂಡವನು ಯಾದಗಿರಿಯ ಆರ್‌ಟಿಒ ಆಫೀಸಿಗೆ ಹೋಗಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹೆಚ್ಚಿನವರು ಮಾಡಿಸಿಕೊಳ್ಳುತ್ತಾರೆ. ಕೆಲವರು ಇಲ್ಲ.

ಹೋದ ವರ್ಷ ತಾಯಿ ತೀರಿಕೊಂಡಳು. ರಂಗಂಪೇಟೆಯ ಕೋಣೆಯ ಕೀಲಿ ಕಸ್ತೂರಿಯ ಕೈಗೆ ಬಂತು. ಅಲ್ಲಿ ಹೋಗಿ ಇರಬೇಕು, ಸುರಪುರದ ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡಬೇಕು ಎಂದು ಅವಳು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕಕ್ಕೆ ಒಂದೇ ಒಂದು ಊರುಗೋಲು ಬೇಕಿತ್ತು: ತನ್ನದೇ ರೇಷನ್ ಕಾರ್ಡ್. ಅಣ್ಣನ ಎಪಿಎಲ್ ಕಾರ್ಡಿನಲ್ಲಿ ಅವಳದು ಐದನೇ ಸಾಲು. ಅವನು, ಅವನ ಹೆಂಡತಿ ನಾಗರತ್ನಾ, ಇಬ್ಬರು ಮಕ್ಕಳು, ಕೊನೆಗೆ ತಂಗಿ. ಅವಳಿಗೆ ಮೊದಲ ಸಾಲಿನಲ್ಲಿ ಇರಬೇಕೆನಿಸಿತ್ತು. ಅದರ ಕೆಳಗೆ ಯಾರೂ ಇಲ್ಲದಿದ್ದರೂ ಸರಿ.

ಅರ್ಜಿ ಕೊಟ್ಟ ಮೇಲೆ ತಹಶೀಲ್ದಾರ್ ಕಚೇರಿಯ ಗುಮಾಸ್ತ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ಅಕ್ಕಾರ, ನೀವು ಮೂರು ಕಾರಿನ ಸಾಹುಕಾರ್ತಿ ಅದೀರಿ. ನಿಮಗ್ಯಾಕ್ರಿ ಬಡವರ ಕಾರ್ಡು?"

ಸಾಲಿನಲ್ಲಿ ನಿಂತವರು ನಕ್ಕರು. ನಾಲ್ಕು ಗಾಲಿಯ ಸ್ವಂತ ಗಾಡಿ ಹೆಸರಿನಲ್ಲಿದ್ದರೆ ಬಿಪಿಎಲ್ ಕಾರ್ಡ್ ಇಲ್ಲ. ಮೂರನ್ನೂ ಹೆಸರಿನಿಂದ ತೆಗೆಸಿ ಬರಬೇಕು ಎಂದ. ಅವಳು ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದಳು. ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೆಟ್ಟನ್ನು ಕಂಡಕ್ಟರ್ ಹರಿದುಕೊಟ್ಟಾಗ ಅವಳಿಗೂ ನಗು ಬಂತು.

ಅಣ್ಣನಿಗೆ ಹೇಳಿದಳು. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಇಲ್ಲಿ ನಿನಗೆ ಏನು ಕಡಿಮೆಯಾಗಿದೆ ಎಂದು ಕೇಳಿದ. ಅವಳಿಗೆ ಒಂದೂ ಕೊರತೆ ಹೊಳೆಯಲಿಲ್ಲ. ಹೊಟ್ಟೆತುಂಬ ಊಟವಿತ್ತು, ಹಬ್ಬಕ್ಕೆ ಸೀರೆಯಿತ್ತು. ನಾಗರತ್ನಾ ಮಾತ್ರ ಪಾತ್ರೆ ತೊಳೆಯುತ್ತ, ಮೂರು ಕಾರು ಬಿಟ್ಟು ಬಸ್ಸಿಗೆ ಹೋಗುವ ಸಾಹುಕಾರ್ತಿಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಗೋಡೆಗೆ ಕೇಳಿದಳು.

ಮೂರರಲ್ಲಿ ಒಂದು ಬಿಳಿ ಮಾರುತಿ. ಉಳಿದೆರಡು ಎಲ್ಲಿವೆ ಎಂಬುದು ವಿಶ್ವರಾಧ್ಯನಿಗೆ ನೆನಪಿರಲಿಲ್ಲ. ನೆನಪಿದ್ದುದು ಸುಲ್ತಾನಸಾಬನಿಗೆ. ಎಪ್ಪತ್ತು ದಾಟಿದ ಈ ಮಿಸ್ತ್ರಿ ಪಕ್ಕದ ಬೇವಿನಡಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಮನುಷ್ಯರ ಹೆಸರು ಮರೆಯುತ್ತಾನೆ, ಗಾಡಿ ಮರೆಯುವುದಿಲ್ಲ. ಕೆಂಪು ಗಾಡಿ ಸುರಪುರದ ಕಿರಾಣಿ ಅಂಗಡಿಯ ಬಸವಲಿಂಗನ ಹತ್ತಿರ, ಬೂದಿಬಣ್ಣದ್ದು ಕಕ್ಕೇರಾದ ಪರಮಣ್ಣನ ಹತ್ತಿರ ಎಂದು ನಂಬರಿನ ಸಮೇತ ಹೇಳಿದ.

ಬಸವಲಿಂಗ ಅವಳನ್ನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದ. ಹೆಸರಿಗೆ ಮಾಡಿಕೊಳ್ಳಿ ಎಂದರೆ ಕೆನ್ನೆ ಕೆರೆದುಕೊಂಡ. ತನ್ನ ಹೆಸರಿಗೆ ಬಂದರೆ ತನ್ನ ಮನೆಯ ಕಾರ್ಡ್ ಹೋಗುತ್ತದಲ್ಲ ಎಂದ. ಎಲ್ಲರಿಗೂ ಗಾಡಿ ಬೇಕು, ಹೆಸರು ಬೇಡ.

ಕಸ್ತೂರಿ ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ಹಂಗಾರ ಗಾಡಿ ನಂದ ಆತಲ್ರಿ ಅಣ್ಣಾರ. ಕೀಲಿ ಕೊಡ್ರಿ."

ಅವನು ಚೇಷ್ಟೆ ಎಂದುಕೊಂಡು ನಕ್ಕ. ಅವಳು ಕೈ ಚಾಚಿಯೇ ಕುಳಿತಿದ್ದಳು. ಗಿರಾಕಿಗಳು ಬಂದು ಬೆಲ್ಲ ಕೇಳಿದರು, ಎಣ್ಣೆ ಕೇಳಿದರು. ಚಾಚಿದ ಕೈ ನೋಡಿ ಏನೆಂದು ಕೇಳಿದರು. ಅವಳು ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಂದಿನ ಸೋಮವಾರ ಬಸವಲಿಂಗ ಯಾದಗಿರಿಗೆ ಹೋಗಿ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ.

ಕಕ್ಕೇರಾಕ್ಕೆ ಸುಲ್ತಾನಸಾಬನೂ ಚೀಲದಲ್ಲಿ ಗರಗಸ ಹಾಕಿಕೊಂಡು ಜೊತೆಗೆ ಬಂದ. ಪರಮಣ್ಣನ ಹಿತ್ತಿಲಿನಲ್ಲಿ ಬೂದಿಬಣ್ಣದ ಮಾರುತಿ ಗಾಲಿಗಳಿಲ್ಲದೆ ಕಲ್ಲಿನ ಮೇಲೆ ಕುಳಿತಿತ್ತು. ಒಳಗೆ ಕೋಳಿಗಳು. ಸ್ಟೇರಿಂಗ್ ಹಿಂದಿನ ಸೀಟಿನ ಮೇಲೆ ಒಂದು ಹೇಂಟೆ ಕಾವಿಗೆ ಕುಳಿತು, ಒಡೆದ ಗಾಜಿನಾಚೆ ನೆಟ್ಟ ನೋಟದಲ್ಲಿ ನೋಡುತ್ತಿತ್ತು. ಕಸ್ತೂರಿ ಅದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಪರಮಣ್ಣನ ಹೆಂಡತಿ ಮಲ್ಲಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗಾಡಿ ಮಾಲಕ್ರು ನೀವ ಏನ್ರಿ? ನಮ್ಮ ಕೋಳಿ ಹನ್ನೊಂದು ಮರಿ ಮಾಡ್ಯಾವ. ಬಾಡಿಗಿ ಕೇಳಾಕ ಬಂದೀರೇನು ಮತ್ತ?"

ಕೋಳಿಗೂಡಾದರೂ ಕಾಗದದ ಮೇಲೆ ಅದು ಇನ್ನೂ ಓಡುವ ಕಾರು. ಕೆಟ್ಟಿದೆ ಎಂದು ತೋರಿಸಲು ಅದರ ಚಾಸಿ ನಂಬರು ಕೊರೆದ ತಗಡನ್ನು ಕತ್ತರಿಸಿ ಆಫೀಸಿಗೆ ಒಪ್ಪಿಸಬೇಕಿತ್ತು. ಸುಲ್ತಾನಸಾಬ ಬಾನೆಟ್ ಎತ್ತಿ, ಇಂಜಿನ್ನಿನ ಹಿಂದಿನ ತಗಡನ್ನು ಅರ್ಧ ತಾಸು ಕೊಯ್ದ. ಹೇಂಟೆ ಕದಲಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಆ ಅಂಗೈಯಗಲದ ತಗಡು ಅವಳ ಮಡಿಲಲ್ಲಿತ್ತು. ಸುಲ್ತಾನಸಾಬ ಕಿಟಕಿಯ ಹೊರಗೆ ನೋಡುತ್ತ ಮಾತಿಗೆ ತೊಡಗಿದ. ಎಂಬತ್ಮೂರರ ಡಿಸೆಂಬರಿನಲ್ಲಿ ದಿಲ್ಲಿಯ ಹತ್ತಿರ ಮೊದಲ ಮಾರುತಿ ಹೊರಬಿದ್ದಾಗ ಅವನು ಹೈದರಾಬಾದಿನ ಗ್ಯಾರೇಜಿನಲ್ಲಿದ್ದನಂತೆ. ಮರುವರ್ಷ ಅಲ್ಲಿಗೆ ಒಂದು ಬಂತು. ಅಂಬಾಸಿಡರ್ ಬಿಚ್ಚಿ ಬೆಳೆದ ಮಿಸ್ತ್ರಿಗಳು ಅದರ ಸುತ್ತ ತಿರುಗಿ, ಇದು ಕಾರಲ್ಲ, ಸೋಪಿನ ಡಬ್ಬಿ ಎಂದರು. ಮೂರೇ ಸಿಲಿಂಡರು, ಎಂಟುನೂರಕ್ಕೂ ನಾಲ್ಕು ಕಡಿಮೆ ಸಿಸಿ. ಆದರೆ ಸೆಲ್ಫ್ ಹೊಡೆದ ಕೂಡಲೇ ಹತ್ತಿತು, ನೂಕುವವರು ಬೇಕಾಗಲಿಲ್ಲ. ಜನ ಹೆಸರು ಬರೆಸಿ ವರ್ಷಗಟ್ಟಲೆ ಕಾದರು. ಮೂವತ್ತು ವರ್ಷ ಬಂತು. ಎರಡು ಸಾವಿರದ ಹದಿನಾಲ್ಕರಲ್ಲಿ ಅದನ್ನು ಮಾಡುವುದೇ ನಿಂತಿತು.

ಆಮೇಲೆ ಅವನು ಅವಳ ಕಡೆ ತಿರುಗಿದ. ಅವಳು ನೇಕಾರರ ಮಗಳೆಂಬುದು ಅವನಿಗೆ ಗೊತ್ತಿತ್ತು.

"ಕಂಪನಿ ಜೋಡಿ ಕೂಡಿದ್ರಲ್ಲ ಬೇಟಿ, ಜಪಾನಿನವ್ರು, ಅವ್ರು ಮೊದಲ ಕಾರ್ ಮಾಡತಿದ್ದಿಲ್ಲ. ಮಗ್ಗ ಮಾಡತಿದ್ರು. ಹತ್ತಿ ಬೆಳ್ಯಾವರ ಮನಿ ಹುಡುಗ, ಬಡಿಗತನ ಕಲ್ತಿದ್ದ. ತನ್ನ ಅವ್ವಗ ಅಂತ ಮೊದಲನೇ ಮಗ್ಗ ಮಾಡಿಕೊಟ್ಟನಂತ. ಅಲ್ಲಿಂದ ಇಲ್ಲಿತನ ಬಂತು ನೋಡು."

ಕಸ್ತೂರಿ ತಗಡಿನ ಮೇಲಿನ ಅಂಕಿಗಳನ್ನು ಬೆರಳಿನಿಂದ ತಡವಿದಳು. ಲಾಳಿ ಆ ಕಡೆ ಈ ಕಡೆ ಹೋಗಿಬರುವ ಸಪ್ಪಳ, ಕುಣಿಯಲ್ಲಿ ಅರ್ಧ ಮುಳುಗಿದ ತಾಯಿ. ತಲೆ ಎತ್ತಿ ಕೇಳಿದಳು.

"ಆಕಿ ಆಮ್ಯಾಲ ಮಗ್ಗ ಬಿಟ್ಟು ಎದ್ದಳಂತೇನು ಚಾಚಾ, ಆ ಅವ್ವ?"

"ಅದನ್ನ ಯಾರೂ ಹೇಳಿಲ್ಲವ್ವ," ಎಂದ ಸುಲ್ತಾನಸಾಬ.

ತಗಡನ್ನು ಆಫೀಸಿಗೆ ಒಪ್ಪಿಸಿದ ಮೇಲೆ ಉಳಿದದ್ದು ಬಿಳಿ ಮಾರುತಿ ಒಂದೇ. ಎಲ್ಲಕ್ಕಿಂತ ಹತ್ತಿರವಿದ್ದದ್ದೂ ಅದೇ, ಬಿಡದಿದ್ದದ್ದೂ ಅದೇ. ಅದು ಅಂಗಳದಲ್ಲಿದ್ದರೆ ಗಿರಾಕಿ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ವಿಶ್ವರಾಧ್ಯನ ನಂಬಿಕೆ. ಬಂದವರಿಗೆಲ್ಲ ಮೊದಲು ಅದನ್ನು ತೋರಿಸುತ್ತಾನೆ: ತಂಗಿಯದು, ಮಾರುವುದಿಲ್ಲ, ಹೀಗಿಟ್ಟುಕೊಳ್ಳುವವರು ನಾವು ಎನ್ನುತ್ತಾನೆ. ದಿನದ ತಿರುಗಾಟವೂ ಅದರಲ್ಲೇ. ಶ್ರಾವಣ ಮುಗಿಯಲಿ ಎಂದ. ದಸರಾ ಆಗಲಿ ಎಂದ. ಕಸ್ತೂರಿ ಪ್ರತಿಸಲವೂ ಆಯಿತು ಎಂದಳು. ಬಾಗಿಲಿನ ಪಕ್ಕದ ಹಲಗೆಯ ಮೇಲೆ ಎಲ್ಲ ಗಾಡಿಗಳ ಕೀಲಿ ತೂಗುಹಾಕುವುದು, ಮುಂಜಾನೆ ತೆಗೆದುಕೊಡುವುದು ಅವಳದೇ ಕೆಲಸ. ಬಿಳಿ ಗಾಡಿಗೆ ಒಂದೇ ಕೀಲಿ. ಎರಡನೆಯದು ಬಸವಸಾಗರ ಡ್ಯಾಮಿಗೆ ಹೋದಾಗ ನೀರಿಗೆ ಬಿದ್ದು ಹೋಗಿತ್ತು. ಅದನ್ನು ಕೊಡದೆ ಇಟ್ಟುಕೊಂಡರೆ ಎಂದು ಒಮ್ಮೊಮ್ಮೆ ಅನಿಸಿದರೂ, ಅಣ್ಣ ಸೊಲ್ಲಾಪುರದ ಬಾಗಿಲಲ್ಲಿ ಬಂದು ನಿಂತದ್ದು ನೆನಪಾಗಿ ಅವಳು ಕೀಲಿಯನ್ನು ಮೊಳೆಗೆ ಹಾಕಿ ಒಳಗೆ ಹೋಗುತ್ತಿದ್ದಳು. ರಂಗಂಪೇಟೆಯ ಕೋಣೆಯ ಕೀಲಿಯೂ ಅದೇ ಹಲಗೆಯ ಮೂಲೆಯಲ್ಲಿ ತೂಗುತ್ತಿತ್ತು. ಅಷ್ಟು ಕೀಲಿಗಳ ನಡುವೆ ಅದು ಯಾವುದೋ ಗುಜರಿ ಗಾಡಿಯದೆಂಬಂತೆ ಕಾಣುತ್ತಿತ್ತು.

ದೀಪಾವಳಿ ಕಳೆದ ವಾರ ವಿಶ್ವರಾಧ್ಯ ನೀಲಿ ಆಲ್ಟೋ ಒಂದನ್ನು ತಂದ. ತೊಳೆದು, ಹೂವು ಹಾಕಿ, ತಂಗಿಯನ್ನು ಕರೆದ. ಅವಳು ಹೋಗಿ ರೂಢಿಯಂತೆ ಸ್ಟೇರಿಂಗ್ ಮುಂದೆ ಕುಳಿತಳು. ಅವನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಫಾರಂ. ಇದನ್ನು ನಿನ್ನ ಹೆಸರಿಗೆ ಮಾಡಿಬಿಡೋಣ, ಇದರ ಬೆನ್ನಿಗೇ ಬಿಳಿಯದನ್ನು ತೆಗೆಸಿಕೊಡುತ್ತೇನೆ ಎಂದ. ದನಿಯಲ್ಲಿ ಮೋಸವಿರಲಿಲ್ಲ.

"ಒಂದು ತೆಗೀಬೇಕಂದ್ರ ಒಂದು ಹಾಕಬೇಕಲ್ಲ ತಂಗಿ. ಇದೊಂದು ಸಲ. ಸೆರಗು ಸರಿ ಮಾಡ್ಕೊ, ಹಾಂ, ಇತ್ತಾಗ ನೋಡು."

ಅವಳು ನೋಡಿದಳು. ಗಾಜಿನಾಚೆ ಅದೇ ಗೋಡೆ. ಗಾಜು ಏರಿಸಿತ್ತು, ಒಳಗೆ ಹೊಸ ಪಾಲಿಶ್‌ನ ವಾಸನೆ, ಬಿಸಿ. ಕಕ್ಕೇರಾದ ಹೇಂಟೆಯಾದರೂ ಇಪ್ಪತ್ತೊಂದು ದಿನಕ್ಕೆ ಎದ್ದು ಹೋಗುತ್ತದೆ ಎಂದು ಅವಳಿಗೆ ಅನಿಸಿತು.

ಬಾಗಿಲು ತೆಗೆದು ಇಳಿದಳು. ಫೋಟೋ ಅಲುಗಿತು ಎಂದು ವಿಶ್ವರಾಧ್ಯ ಬೇಸರಿಸಿದ. ಅವಳು ಮನೆಯೊಳಗೆ ಹೋಗಿ ಹಲಗೆಯಿಂದ ಎರಡು ಕೀಲಿ ತೆಗೆದಳು, ಮೂಲೆಯದೊಂದು, ಬಿಳಿ ಮಾರುತಿಯದೊಂದು. ಹೊರಬಂದಾಗ ಕೈಯಲ್ಲೊಂದು ಚೀಲವಿತ್ತು, ಒಳಗೆ ಎರಡು ಸೀರೆ, ರೊಟ್ಟಿಯ ಹಂಚು. ನಾಗರತ್ನಾ ಹೊಸ್ತಿಲಿಗೆ ಬಂದು ನಿಂತಳು.

ವಿಶ್ವರಾಧ್ಯ ಅವಳ ಮುಷ್ಟಿಯನ್ನು ನೋಡಿದ. ಎಲ್ಲಿಗೆ ಎಂದು ಕೇಳಿದ. ರಂಗಂಪೇಟೆಗೆ ಎಂದಳು. ಕಾರ್ಡ್ ಇಲ್ಲದೆ ಅಲ್ಲಿ ಏನು ತಿನ್ನುತ್ತೀಯೆಂದ. ಅವಳಿಗೂ ಅದೇ ಭಯವಿತ್ತು. ರಸ್ತೆಯ ತಿರುವಿನಲ್ಲಿ ಸುರಪುರದ ಬಸ್ಸಿನ ಹಾರ್ನ್ ಕೇಳಿಸಿತು.

"ಬಿಳಿ ಗಾಡಿ ಕೀಲಿ ಯಾಕ ಒಯ್ಯಾಕತ್ತಿ ಹುಚ್ಚಿ? ನಿನಗ ನಡಸಾಕ ಬರಂಗಿಲ್ಲ."

"ಬರಂಗಿಲ್ಲಣ್ಣ, ಖರೇ," ಎಂದಳು ಕಸ್ತೂರಿ, ಆಗಲೇ ಗೇಟಿನತ್ತ ಹೆಜ್ಜೆ ಹಾಕುತ್ತ. "ಆದ್ರ ಕಾಗದದ ಮ್ಯಾಲ ಅದು ನಂದ ಐತಿ. ಹೆಸರು ತೆಗಿಸಿದ ದಿನ ಬಂದು ಕೀಲಿ ಒಯ್ಯಿ. ಅಲ್ಲೀತನ ಅದೂ ನಿಂತಲ್ಲೇ ನಿಂದರಲಿ, ನಾ ಹದಿನಾಕು ವರ್ಷ ಹೆಂಗ ನಿಂತಿದ್ನೋ ಹಂಗ."